ಬಿದ್ದವನು ‘ನಮ್ಮ ಹುಡುಗ ಅಲ್ಲ’ ಅಂದ್ರೆ ನಡೆಯುತ್ತಾ? ಸಬ್‌ಕಾಂಟ್ರಾಕ್ಟರ್, ಇನ್ಶೂರೆನ್ಸ್ ಮತ್ತು ನಿಮ್ಮ ಹೊಣೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲ ಆಗುವಷ್ಟು ಮಾತ್ರ ತಿದ್ದಲಾಗಿದೆ.)

ಇನ್ಶೂರೆನ್ಸ್ ಅಂದ ತಕ್ಷಣ ಅರ್ಧ ಜನ ಸ್ಕಿಪ್ ಮಾಡ್ತೀರಿ ಅಂತ ಗೊತ್ತು. ಆದರೆ ನಿಮ್ಮಲ್ಲಿ ಎಷ್ಟೋ ಜನ ಈಗ ಸ್ವಂತವಾಗಿ ಏನೋ ಒಂದು ಶುರು ಮಾಡಿದ್ದೀರಿ. ಇಂಟೀರಿಯರ್ಸ್, ಈವೆಂಟ್ ಸ್ಟೇಜ್, ಸೋಲಾರ್ ಪ್ಯಾನೆಲ್ ಅಳವಡಿಸೋದು, ಸಿಸಿಟಿವಿ, ಕೇಟರಿಂಗ್. ಇವುಗಳಲ್ಲಿ ಎಲ್ಲ ಕೆಲಸವನ್ನೂ ನೀವೇ ಮಾಡಲ್ಲ. ಒಬ್ಬ ಮೇಸ್ತ್ರಿಗೋ ವೆಂಡರ್‌ಗೋ ಕೊಡ್ತೀರಿ. ಅವನು ಇನ್ನೊಬ್ಬನಿಗೆ ಕೊಡ್ತಾನೆ. ಏಣಿ ಹತ್ತೋದು ಅವನ ಕಡೆಯ ಮೂರನೇ ಹುಡುಗ. ಆ ಹುಡುಗ ಬಿದ್ದರೆ ಏನಾಗುತ್ತೆ ಅನ್ನೋದೇ ಇವತ್ತಿನ ಮಾತು.

ನನ್ನದೇ ಕಥೆ ಹೇಳ್ತೀನಿ. 2022ರಲ್ಲಿ ನಾನು ಬೆಂಗಳೂರಲ್ಲಿ ಚಿಕ್ಕದೊಂದು ಇಂಟೀರಿಯರ್ ಸಂಸ್ಥೆ ನಡೆಸ್ತಾ ಇದ್ದೆ. ನಾವು ಐದು ಜನ, ಒಂದು ಲ್ಯಾಪ್‌ಟಾಪ್, ಸಾಲದಲ್ಲಿ ತಗೊಂಡ ಒಂದು ಓಮ್ನಿ. ವೈಟ್‌ಫೀಲ್ಡ್ ಕಡೆ ಒಂದು ಆಫೀಸಿನ ಕೆಲಸ ಸಿಕ್ಕಿತ್ತು. ಕ್ಲೈಂಟ್ ಕಡೆಯವರು, “ನಿಮ್ಮ ಸಬ್‌ಕಾಂಟ್ರಾಕ್ಟರ್‌ಗಳ ವರ್ಕ್‌ಮೆನ್ ಕಾಂಪೆನ್ಸೇಶನ್ ಪಾಲಿಸಿ ಕಳಿಸಿ” ಅಂದ್ರು. ನಾನು ಫಾಲ್ಸ್ ಸೀಲಿಂಗ್ ಮಾಡೋ ಮೇಸ್ತ್ರಿಗೆ ವಾಟ್ಸಾಪ್ ಮಾಡಿದೆ. ಹತ್ತು ನಿಮಿಷದಲ್ಲಿ ಪಿಡಿಎಫ್ ಬಂತು. ಮೇಲ್ಗಡೆ ಕಂಪನಿ ಲೋಗೊ, ಕೆಳಗಡೆ ಸೀಲು. ದಿನಾಂಕ ನೋಡಿದೆ, ಇನ್ನೂ ಏಳು ತಿಂಗಳು ಬಾಕಿ ಇತ್ತು. ಫಾರ್ವರ್ಡ್ ಮಾಡಿದೆ. ಕ್ಲೈಂಟ್ ಕಡೆಯಿಂದ ಥಂಬ್ಸ್ ಅಪ್ ಬಂತು. ನಮ್ಮ ಕಂಪ್ಲಯನ್ಸ್ ಅಲ್ಲಿಗೆ ಮುಗೀತು!

ಎರಡನೇ ವಾರ ಒಬ್ಬ ಹುಡುಗ ಸ್ಕಫೋಲ್ಡಿಂಗ್ ಮೇಲಿಂದ ಬಿದ್ದ. ಇಪ್ಪತ್ತೇಳು ವರ್ಷ. ಎತ್ತರ ಏನೂ ಜಾಸ್ತಿ ಇರಲಿಲ್ಲ, ಹನ್ನೆರಡು ಅಡಿ ಇರಬಹುದು. ಹಿಮ್ಮಡಿ ಮೂಳೆ ಪುಡಿಯಾಯ್ತು, ಸೊಂಟದ ಹತ್ತಿರ ಬಿರುಕು ಬಿಟ್ಟಿತು. ಆಸ್ಪತ್ರೆಯ ಕಾರಿಡಾರ್‌ನಲ್ಲಿ ನಿಂತು ನಾನು ಆ ಪಿಡಿಎಫ್‌ನ ಮೊದಲ ಸಲ ಪೂರ್ತಿ ಓದಿದೆ.

ಅದರಲ್ಲಿದ್ದದ್ದು ಇಷ್ಟು. ಕೆಲಸದ ಸ್ಥಳ ಕಾಮಾಕ್ಷಿಪಾಳ್ಯದ ಒಂದು ಶೆಡ್. ಕೆಲಸದ ಸ್ವರೂಪ ಮರದ ಪೀಠೋಪಕರಣ ತಯಾರಿಕೆ. ಕಾರ್ಮಿಕರ ಸಂಖ್ಯೆ ನಾಲ್ಕು. ನಮ್ಮ ಸೈಟಲ್ಲಿ ಆವತ್ತು ಇದ್ದವರು ಒಂಬತ್ತು ಜನ, ಮಾಡ್ತಾ ಇದ್ದದ್ದು ಜಿಪ್ಸಮ್ ಸೀಲಿಂಗ್, ಜಾಗ ವೈಟ್‌ಫೀಲ್ಡ್. ಪಾಲಿಸಿ ನಕಲಿ ಅಲ್ಲ ನೋಡಿ, ನೂರಕ್ಕೆ ನೂರು ಅಸಲಿ. ನಮಗೆ ಸಂಬಂಧಪಟ್ಟಿದ್ದಲ್ಲ, ಅಷ್ಟೇ. ವಿಮಾ ಕಂಪನಿ ಕ್ಲೈಮ್ ತಿರಸ್ಕರಿಸಿತು. ಕೋಪ ಬಂತು. ಆದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳ್ತಿದ್ದೆ ಅನ್ಸುತ್ತೆ. ಶೆಡ್‌ನಲ್ಲಿ ನಾಲ್ಕು ಜನ ಬಡಗಿಗಳ ರಿಸ್ಕ್‌ಗೆ ಅಂತ ತಗೊಂಡ ಪ್ರೀಮಿಯಂ ಅದು.

ಸರಿ, ಮೇಸ್ತ್ರಿಯ ಪಾಲಿಸಿ ಬರಲಿಲ್ಲ. ಹಾಗಾದ್ರೆ ದುಡ್ಡು ಯಾರು ಕೊಡಬೇಕು? ನಾನು ಯೋಚಿಸಿದ್ದು ಎಲ್ಲರೂ ಯೋಚಿಸೋ ಹಾಗೇನೇ. “ಅವನು ನಮ್ಮ ಹುಡುಗ ಅಲ್ಲ. ನಾನು ಸಂಬಳ ಕೊಟ್ಟಿಲ್ಲ, ಅವನ ಹೆಸರೂ ನನಗೆ ಸರಿಯಾಗಿ ಗೊತ್ತಿಲ್ಲ.” ವಕೀಲರೊಬ್ಬರು ಚಹಾ ಕುಡಿಸಿ 1923ರ ನೌಕರರ ಪರಿಹಾರ ಕಾಯ್ದೆಯ 12ನೇ ಸೆಕ್ಷನ್ ತೋರಿಸಿದ್ರು. ನೀವು ನಿಮ್ಮ ವ್ಯಾಪಾರದ ಭಾಗವಾಗಿರೋ ಕೆಲಸವನ್ನ ಕಾಂಟ್ರಾಕ್ಟರ್‌ಗೆ ಕೊಟ್ಟಿದ್ದರೆ, ಆ ಕಾಂಟ್ರಾಕ್ಟರ್‌ನ ಕಾರ್ಮಿಕ ಗಾಯಗೊಂಡಾಗ, ನೀವೇ ಅವನನ್ನ ಕೆಲಸಕ್ಕಿಟ್ಟಿದ್ದರೆ ಎಷ್ಟು ಕೊಡಬೇಕಿತ್ತೋ ಅಷ್ಟನ್ನೂ ನಿಮ್ಮಿಂದ ಕೇಳಬಹುದು. ಷರತ್ತು ಒಂದಿದೆ: ಅಪಘಾತ ಆಗಿರಬೇಕಾದದ್ದು ನೀವು ಕೆಲಸ ಒಪ್ಪಿಕೊಂಡ ಜಾಗದಲ್ಲಿ ಅಥವಾ ನಿಮ್ಮ ಹತೋಟಿಯಲ್ಲಿರೋ ಜಾಗದಲ್ಲಿ. ವೈಟ್‌ಫೀಲ್ಡ್ ಸೈಟು ನನ್ನದೇ ಆಗಿತ್ತು. ಅದೇ ಸೆಕ್ಷನ್, ಕೊಟ್ಟ ಹಣವನ್ನ ಕಾಂಟ್ರಾಕ್ಟರ್‌ನಿಂದ ವಾಪಸ್ ವಸೂಲಿ ಮಾಡೋ ಹಕ್ಕನ್ನೂ ಕೊಡುತ್ತೆ. ಕಾಗದದ ಮೇಲೆ ಚೆನ್ನಾಗಿದೆ. ನಮ್ಮ ಮೇಸ್ತ್ರಿಯ ಆಸ್ತಿ ಅಂದ್ರೆ ಒಂದು ಸ್ಕೂಟರು, ಎರಡು ಡ್ರಿಲ್ಲಿಂಗ್ ಮಷಿನ್ನು. ಯಾರಿಂದ ವಸೂಲಿ ಮಾಡ್ಲಿ?

ಲೆಕ್ಕ ಹೇಗೆ ಅಂತ ಹೇಳ್ತೀನಿ, ಯಾಕಂದ್ರೆ ಇದು ಗೊತ್ತಿದ್ರೆ ಮಾತ್ರ ಭಯ ಸರಿಯಾದ ಅಳತೇಲಿ ಹುಟ್ಟುತ್ತೆ. ಆ ಕಾಯ್ದೇಲಿ ಸಾವು ಸಂಭವಿಸಿದರೆ ತಿಂಗಳ ಸಂಬಳದ ಅರ್ಧವನ್ನ, ವಯಸ್ಸಿಗೆ ಅಂತ ಕೊಟ್ಟಿರೋ ಒಂದು ಸಂಖ್ಯೆಯಿಂದ ಗುಣಿಸ್ತಾರೆ. ಲೆಕ್ಕಕ್ಕೆ ಹಿಡಿಯೋ ಸಂಬಳಕ್ಕೆ ಒಂದು ಮಿತಿ ಇದೆ. 2020ರ ಜನವರಿಯಿಂದ ಅದು 15,000 ರೂಪಾಯಿ. ಇಪ್ಪತ್ತೈದು ವರ್ಷದವರಿಗೆ ಆ ಸಂಖ್ಯೆ 216.91. ಅಂದ್ರೆ 7,500ಕ್ಕೆ 216.91 ಗುಣಿಸಿದರೆ 16,26,825 ರೂಪಾಯಿ. ವಯಸ್ಸು ಚಿಕ್ಕದಾದಷ್ಟೂ ಮೊತ್ತ ದೊಡ್ಡದು. ನಮ್ಮ ಸೈಟ್‌ಗಳಲ್ಲಿ ಏಣಿ ಹತ್ತೋರೆಲ್ಲ ಎಳೇ ಹುಡುಗರೇ ಅಲ್ವಾ.

ಗಾಯವಾಗಿ ಶಾಶ್ವತ ಊನ ಉಳಿದರೆ ಅರ್ಧದ ಬದಲು ಶೇ 60. ಇಪ್ಪತ್ತೇಳಕ್ಕೆ ಸಂಖ್ಯೆ 213.57. 9,000 ಗುಣಿಸಿ 213.57, ಅಂದ್ರೆ 19,22,130. ಪೂರ್ತಿ ಕೆಲಸಕ್ಕೆ ಬಾರದ ಹಾಗೆ ಆದರೆ ಅಷ್ಟೂ ಹಣ. ಭಾಗಶಃ ಆದರೆ, ಗಳಿಸೋ ಶಕ್ತಿ ಎಷ್ಟು ಹೋಯ್ತು ಅಂತ ವೈದ್ಯರು ಹೇಳಿದ ಶೇಕಡಾವಾರು. ನಮ್ಮ ಹುಡುಗನಿಗೆ ಶೇ 20 ಅಂತ ಬಂತು. 3,84,426 ರೂಪಾಯಿ. ಆಸ್ಪತ್ರೆ ಬಿಲ್ಲು ಬೇರೆ. 2009ರ ತಿದ್ದುಪಡಿ ಆದ್ಮೇಲೆ ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನೂ ಮಾಲೀಕ ಕೊಡಬೇಕು. ನನ್ನ ಆ ವರ್ಷದ ಲಾಭ ಎಲ್ಲಾ ಸೇರಿ ಅಷ್ಟು ಇರಲಿಲ್ಲ. ಓಮ್ನಿ ಮಾರಿದೆ.

ಇಲ್ಲೊಂದು ವಿಷಯ ಸ್ಪಷ್ಟ ಮಾಡ್ತೀನಿ. ಈ 1923ರ ಕಾಯ್ದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. 2025ರ ನವೆಂಬರ್ 21ರಿಂದ ಅದು ಜಾರಿ. ನನ್ನ ಕೇಸ್ ಹಳೇ ಕಾಯ್ದೆದು, ಹಾಗಾಗಿ ನಾನು ಹೇಳೋ ಲೆಕ್ಕ, ಸೆಕ್ಷನ್ ನಂಬರ್ ಎಲ್ಲ ಹಳೇವು. ಕಾಂಟ್ರಾಕ್ಟರ್‌ನ ಕಾರ್ಮಿಕನಿಗೆ ಮೇಲಿನವನೂ ಹೊಣೆ ಅನ್ನೋ ತತ್ವ ಮಾತ್ರ ಹೊಸದರಲ್ಲೂ ಇದೆ. ಸಂಬಳದ ಮಿತಿಯಂಥ ಅಂಕಿಗಳನ್ನ ಸರ್ಕಾರ ಅಧಿಸೂಚನೆಯಲ್ಲಿ ಬದಲಿಸ್ತಾ ಇರುತ್ತೆ, ಕೆಲಸ ಶುರು ಮಾಡೋ ಮುಂಚೆ ಒಮ್ಮೆ ನೋಡ್ಕೊಳ್ಳಿ.

ಈಗ ನೀವು ಕೇಳಬಹುದು, “ನಿನ್ನ ಹತ್ರಾನೂ ಪಾಲಿಸಿ ಇತ್ತಲ್ಲ?” ಇತ್ತು. ನನ್ನ ಐದು ಜನ ಸಿಬ್ಬಂದಿಗೆ. ಕಾಂಟ್ರಾಕ್ಟರ್‌ಗಳ ಕಾರ್ಮಿಕರಿಗೂ ಅನ್ವಯ ಆಗೋ ಹಾಗೆ ಅದನ್ನ ವಿಸ್ತರಿಸಬಹುದು, ಅದಕ್ಕೆ ಬೇರೆ ಪ್ರೀಮಿಯಂ ಇದೆ. ಏಜೆಂಟ್ ಕೇಳಿದ್ದ ಕೂಡ. “ಬೇಡ, ಅವರವರದ್ದು ಅವರ ಹತ್ರ ಇರುತ್ತೆ” ಅಂದವನು ನಾನೇ. ವೈದ್ಯಕೀಯ ಖರ್ಚಿನದ್ದೂ ಇದೇ ಕಥೆ. ಕಾನೂನು ನಿಜವಾದ ಖರ್ಚು ಕೊಡು ಅನ್ನುತ್ತೆ, ಪಾಲಿಸಿಯಲ್ಲಿ ನೀವು ಮೆಡಿಕಲ್ ಎಕ್ಸ್‌ಟೆನ್ಷನ್ ತಗೊಂಡಿದ್ರೆ ಮಾತ್ರ, ಅದೂ ಒಂದು ಮಿತಿಯವರೆಗೆ ಸಿಗುತ್ತೆ. ಕಾನೂನು ಕೇಳೋದಕ್ಕೂ ಪಾಲಿಸಿ ಕೊಡೋದಕ್ಕೂ ನಡುವೆ ಇರೋ ಗ್ಯಾಪ್ ನಿಮ್ಮ ಜೇಬು.

ಆಗ ನಾನು ಇನ್ನೊಂದು ತಪ್ಪು ಮಾಡೋದರಲ್ಲಿದ್ದೆ. ಯಾರೋ ಸಲಹೆ ಕೊಟ್ರು, “ಸ್ಟಾಂಪ್ ಪೇಪರ್‌ನಲ್ಲಿ ಬರೆಸ್ಕೊಂಡು ಒಂದು ಲಕ್ಷ ಕೊಟ್ಟು ಸೆಟ್ಲ್ ಮಾಡ್ಕೊ.” ನಮ್ಮಲ್ಲಿ ಇದು ತುಂಬ ನಡೆಯುತ್ತೆ. ದಯವಿಟ್ಟು ಮಾಡಬೇಡಿ. ಹಳೇ ಕಾಯ್ದೆ ಪ್ರಕಾರ ಕಾರ್ಮಿಕನ ಜೊತೆ ಮಾಡ್ಕೊಂಡ ಇಡೀ ಮೊತ್ತದ ಒಪ್ಪಂದವನ್ನ ಕಮಿಷನರ್ ಬಳಿ ನೋಂದಾಯಿಸಬೇಕು. ಇಲ್ಲದಿದ್ರೆ ಪೂರ್ತಿ ಪರಿಹಾರದ ಹೊಣೆ ಹಾಗೇ ಉಳಿಯುತ್ತೆ. ಸಾವಾಗಿದ್ರೆ ಇನ್ನೂ ಬಿಗಿ. ಪರಿಹಾರವನ್ನ ಕಮಿಷನರ್ ಬಳಿಯೇ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟದ್ದು, ಮೂರು ತಿಂಗಳ ಸಂಬಳದಷ್ಟು ಮುಂಗಡ ಬಿಟ್ಟರೆ, ಪರಿಹಾರ ಅಂತ ಲೆಕ್ಕಕ್ಕೇ ಬರಲ್ಲ. ಕಾರಣ ಊಹಿಸಬಹುದು. ಗಂಡನನ್ನೋ ಮಗನನ್ನೋ ಕಳ್ಕೊಂಡು ಆಸ್ಪತ್ರೆ ಮುಂದೆ ಕೂತವರ ಕೈಗೆ ಐವತ್ತು ಸಾವಿರ ಕೊಟ್ಟು ಹೆಬ್ಬೆಟ್ಟು ಒತ್ತಿಸ್ಕೊಳ್ಳೋರಿಗೆ ಈ ದೇಶದಲ್ಲಿ ಬರ ಇಲ್ಲ.

ಹಾಗೇ, ಕೆಲಸಕ್ಕೆ ಮುಂಚೆ “ಏನಾದ್ರೂ ಆದ್ರೆ ಕಂಪನಿ ಜವಾಬ್ದಾರಿ ಅಲ್ಲ” ಅಂತ ಹುಡುಗರ ಹತ್ರ ಸಹಿ ಹಾಕಿಸ್ಕೊಳ್ಳೋರಿದ್ದಾರೆ. ಅದಕ್ಕೆ ಬೆಲೆ ಇಲ್ಲ, ಕಾಯ್ದೆಯೇ ಅದನ್ನ ಅಸಿಂಧು ಅನ್ನುತ್ತೆ. “ಕುಡಿದಿದ್ದ ಸಾರ್” ಅನ್ನೋ ವಾದವೂ ಸಾವು ಅಥವಾ ಪೂರ್ಣ ಶಾಶ್ವತ ಊನ ಆದಾಗ ನಡೆಯಲ್ಲ. “ಬೇರೆ ಊರಿನವರು, ಇಲ್ಲಿಗೆ ಬಂದು ಕೇಸ್ ಹಾಕ್ತಾರಾ?” ಅಂತ ಅಂದ್ಕೊಂಡ್ರೆ, ಅವರು ವಾಸ ಇರೋ ಊರಿನ ಕಮಿಷನರ್ ಮುಂದೆಯೇ ಅರ್ಜಿ ಹಾಕಬಹುದು. ರಾಯಚೂರಿನ ಹುಡುಗನ ತಾಯಿ ರಾಯಚೂರಲ್ಲೇ ಹಾಕಿದ್ರೆ, ಬೆಂಗಳೂರಿಂದ ಬಸ್ಸು ಹತ್ತಬೇಕಾದವರು ನೀವು.

ತಡ ಮಾಡಿದ್ರೆ ಏನಾಗುತ್ತೆ? ಪರಿಹಾರ ಬಾಕಿ ಬಿದ್ದು ಒಂದು ತಿಂಗಳಲ್ಲಿ ಕೊಡದಿದ್ರೆ ಹಳೇ ಕಾಯ್ದೇಲಿ ವರ್ಷಕ್ಕೆ ಶೇ 12 ಬಡ್ಡಿ, ಸರಿಯಾದ ಕಾರಣ ಇಲ್ಲದಿದ್ರೆ ಮೊತ್ತದ ಶೇ 50ರವರೆಗೆ ದಂಡ. ಈ ದಂಡವನ್ನ ವಿಮಾ ಕಂಪನಿ ಮೇಲೆ ಹಾಕೋ ಹಾಗಿಲ್ಲ, ಅದು ಮಾಲೀಕನದ್ದೇ ತಪ್ಪು ಅಂತ ಸುಪ್ರೀಂ ಕೋರ್ಟ್ 1997ರಲ್ಲೇ ಒಂದು ತೀರ್ಪಲ್ಲಿ ಹೇಳಿದೆ. ಅಂದ್ರೆ ಒಳ್ಳೇ ಪಾಲಿಸಿ ಇದ್ರೂ ಸುಮ್ಮನೆ ಕೂರೋ ಹಾಗಿಲ್ಲ.

ಸರಿ. ಪಿಡಿಎಫ್ ಬಂದಾಗ ಏನು ನೋಡಬೇಕು? ದಿನಾಂಕ ಎಲ್ಲರೂ ನೋಡ್ತಾರೆ, ಅದನ್ನ ಬಿಡಿ. ಮೊದಲು ಪಾಲಿಸಿ ಯಾರ ಹೆಸರಲ್ಲಿದೆ ನೋಡಿ. ನೀವು ವರ್ಕ್ ಆರ್ಡರ್ ಕೊಟ್ಟದ್ದು ಒಂದು ಹೆಸರಿಗೆ, ಜಿಎಸ್‌ಟಿ ಬಿಲ್ ಬರೋದು ಇನ್ನೊಂದು ಹೆಸರಿಂದ, ಪಾಲಿಸಿ ಇರೋದು ಅವನ ಭಾಮೈದನ ಹೆಸರಲ್ಲಿ. ಹೀಗೆ ಆಗೋದು ಮೋಸ ಅಂತಲೇ ಏನಲ್ಲ, ಚಿಕ್ಕ ವ್ಯವಹಾರಗಳು ಇರೋದೇ ಹಾಗೆ. ಆದರೆ ಕ್ಲೈಮ್ ಟೈಮಲ್ಲಿ ಅದು ಸತ್ತ ಕಾಗದ. ಆಮೇಲೆ ಕೆಲಸದ ಸ್ವರೂಪ. ಒಳಾಂಗಣ ಪೇಂಟಿಂಗ್ ಅಂತ ಬರೆದಿದ್ದು, ಅವನು ಹಗ್ಗ ಕಟ್ಟಿಕೊಂಡು ಎಂಟನೇ ಮಹಡಿಯ ಹೊರಗೋಡೆಗೆ ಬಣ್ಣ ಹೊಡೀತಾ ಇದ್ರೆ ತೊಂದರೆ. ಎತ್ತರದ ಮಿತಿ ಇದೆಯಾ ಅಂತ ಎಕ್ಸ್‌ಕ್ಲೂಷನ್ ಪುಟದಲ್ಲಿ ನೋಡಿ, ಅದು ಯಾವಾಗಲೂ ಯಾರೂ ಓದದ ಪುಟದಲ್ಲೇ ಇರುತ್ತೆ. ಸ್ಥಳ ನಿಮ್ಮ ಸೈಟಿನದ್ದಾ? ಜನ ಎಷ್ಟು, ಅವರ ಸಂಬಳ ಎಷ್ಟು ಅಂತ ತೋರಿಸಿದ್ದಾರೆ? ಪ್ರೀಮಿಯಂ ಉಳಿಸೋಕೆ ಒಂಬತ್ತು ಜನರನ್ನ ನಾಲ್ಕು ಅಂತ ಬರೆಸೋದು ಮಾಮೂಲಿ. ಮತ್ತೆ, ಅವನು ಕೆಲಸವನ್ನ ಇನ್ನೊಬ್ಬನಿಗೆ ಕೊಡೋನಾದ್ರೆ ಆ ಇನ್ನೊಬ್ಬನ ಹುಡುಗರು ಇದರಲ್ಲಿ ಸೇರ್ತಾರಾ?

ಇನ್ನೂ ಒಂದು. ಕೆಲವರು ಕಳಿಸೋದು ಪಾಲಿಸಿಯೇ ಅಲ್ಲ, ಕೊಟೇಶನ್. ನೋಡೋಕೆ ಎರಡೂ ಒಂದೇ ಥರ. 1938ರ ವಿಮಾ ಕಾಯ್ದೆಯ 64ವಿಬಿ ಸೆಕ್ಷನ್ ಪ್ರಕಾರ ಪ್ರೀಮಿಯಂ ಕೈ ಸೇರದೆ ಕಂಪನಿ ರಿಸ್ಕ್ ಹೊರೋ ಹಾಗಿಲ್ಲ. ಅದಕ್ಕೇ ಪಾಲಿಸಿ ನಂಬರ್ ಇದೆಯಾ ನೋಡಿ, ಕಂಪನಿಯ ಕಸ್ಟಮರ್ ಕೇರ್‌ಗೆ ಒಂದು ಫೋನ್ ಮಾಡಿ. ಐದು ನಿಮಿಷದ ಕೆಲಸ, ನಾನು ಆವತ್ತು ಮಾಡಲಿಲ್ಲ.

“ಸಾರ್, ನಮ್ಮ ಹುಡುಗರಿಗೆಲ್ಲ ಬ್ಯಾಂಕಲ್ಲಿ ಇನ್ಶೂರೆನ್ಸ್ ಮಾಡಿಸಿದೀನಿ” ಅಂತ ಮೇಸ್ತ್ರಿಗಳು ಹೇಳ್ತಾರೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅದು. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಒಳ್ಳೇ ಯೋಜನೆ, ಎಲ್ಲರಿಗೂ ಮಾಡಿಸಿ. ಆದರೆ ಅದು ಆ ಮನುಷ್ಯ ತನಗೆ ಮಾಡಿಸ್ಕೊಂಡ ವಿಮೆ. ನಿಮ್ಮ ಕಾನೂನು ಹೊಣೆಗೆ ಅದು ವಿಮೆ ಅಲ್ಲ. ಆ 2 ಲಕ್ಷ ಕುಟುಂಬಕ್ಕೆ ಹೋಗುತ್ತೆ, ನಿಮ್ಮ 16 ಲಕ್ಷ ಹಾಗೇ ನಿಂತಿರುತ್ತೆ.

ಇಎಸ್‌ಐ ಇದ್ದರೆ ಕಥೆ ಬೇರೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಅದರಲ್ಲಿ ಬರ್ತಾರೆ, ಮಾಲೀಕನ ಪಾಲು ಶೇ 3.25, ಕಾರ್ಮಿಕನದ್ದು ಶೇ 0.75. ಇಎಸ್‌ಐನಲ್ಲಿ ಇರೋ ಕಾರ್ಮಿಕನಿಗೆ ಚಿಕಿತ್ಸೆ, ಪಿಂಚಣಿ ಎಲ್ಲ ಅಲ್ಲಿಂದಲೇ ಬರುತ್ತೆ, ಅದೇ ಗಾಯಕ್ಕೆ ಮಾಲೀಕನಿಂದ ಬೇರೆ ಪರಿಹಾರ ಕೇಳೋ ಹಾಗಿಲ್ಲ. ಇಲ್ಲೂ ಕಾಂಟ್ರಾಕ್ಟರ್ ಕಟ್ಟದಿದ್ರೆ ಮೊದಲು ಕಟ್ಟಬೇಕಾದವನು ಪ್ರಧಾನ ಮಾಲೀಕನೇ, ಆಮೇಲೆ ಬಿಲ್ಲಲ್ಲಿ ಹಿಡ್ಕೋಬಹುದು. ಹತ್ತು ಜನ ದಾಟಿದ ಸಂಸ್ಥೆ ನಿಮ್ಮದಾದ್ರೆ ಚಾರ್ಟರ್ಡ್ ಅಕೌಂಟೆಂಟ್ ಹತ್ರ ಇವತ್ತೇ ಮಾತಾಡಿ.

ಇದುವರೆಗೆ ಹೇಳಿದ್ದು ಕೆಲಸಗಾರನ ವಿಷಯ. ದಾರಿಹೋಕರಿಗೆ ಏಟು ಬಿದ್ರೆ? 2023ರ ಜನವರಿ 10ರಂದು ನಾಗವಾರದ ಹತ್ರ ನಮ್ಮ ಮೆಟ್ರೊ ಪಿಲ್ಲರಿನ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿ, ಬೈಕಲ್ಲಿ ಹೋಗ್ತಿದ್ದ ತಾಯಿ ಮತ್ತು ಪುಟ್ಟ ಮಗ ತೀರಿಹೋದ್ರು. ಕಟ್ತಾ ಇದ್ದದ್ದು ಗುತ್ತಿಗೆ ಕಂಪನಿ. ಆದರೆ ಆವತ್ತು ಊರೆಲ್ಲ ಕೇಳಿದ್ದು ಮೆಟ್ರೊ ನಿಗಮವನ್ನ, 20 ಲಕ್ಷ ಪರಿಹಾರ ಘೋಷಿಸಿದ್ದೂ ನಿಗಮವೇ. ಇಂಥ ಮೂರನೆಯವರ ಹಾನಿಗೆ ವರ್ಕ್‌ಮೆನ್ ಪಾಲಿಸಿ ಬರಲ್ಲ. ಪಬ್ಲಿಕ್ ಲಯಬಿಲಿಟಿ ಪಾಲಿಸಿ ಬೇಕು, ಇಲ್ಲ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿಯಲ್ಲಿರೋ ಥರ್ಡ್ ಪಾರ್ಟಿ ಭಾಗ ಬೇಕು. ನಮ್ಮ ಅಳತೇಲಿ ಹೇಳೋದಾದ್ರೆ, ನಿಮ್ಮ ಪ್ಲಂಬರ್ ಪೈಪ್ ಒಡೆದು ಕೆಳಗಿನ ಫ್ಲ್ಯಾಟಿನ ಸೀಲಿಂಗ್ ಎಲ್ಲಾ ನೆಂದುಹೋದಾಗ ಇದು ಬೇಕಾಗುತ್ತೆ. ಸಾವಾದ್ರೆ ಕ್ರಿಮಿನಲ್ ಕೇಸೂ ಇದೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್, ನಿರ್ಲಕ್ಷ್ಯದಿಂದ ಸಾವಿಗೆ ಐದು ವರ್ಷದವರೆಗೆ ಜೈಲು. ಜೈಲಿಗೆ ಯಾವ ಪಾಲಿಸಿಯೂ ಬದಲಿ ಹೋಗಲ್ಲ.

ಅಪಾರ್ಟ್‌ಮೆಂಟ್ ಕಮಿಟಿಲಿ ಇರೋರಿಗೆ ಒಂದು ಮಾತು. ಎಸ್‌ಟಿಪಿ ಅಥವಾ ಸೆಪ್ಟಿಕ್ ಟ್ಯಾಂಕ್ ಒಳಗೆ ಮನುಷ್ಯನನ್ನ ಇಳಿಸೋ ವೆಂಡರ್ “ಇನ್ಶೂರೆನ್ಸ್ ಇದೆ ಮೇಡಂ” ಅಂದ್ರೆ ಮಾತು ಅಲ್ಲಿಗೇ ನಿಲ್ಲಿಸಿ. ರಕ್ಷಣಾ ಸಾಧನ ಇಲ್ಲದೆ ಹಾಗೆ ಇಳಿಸೋದು 2013ರ ಕಾಯ್ದೆಯಲ್ಲಿ ಅಪರಾಧ. ಅಲ್ಲಿ ಸತ್ತರೆ ಪರಿಹಾರ 30 ಲಕ್ಷ ಅಂತ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಿಮೆ ಹುಡುಕೋ ಕೆಲಸ ಅಲ್ಲ ಅದು, ಮಷಿನ್ ತರಿಸೋ ಕೆಲಸ.

ನನಗೆ ಕಿರಿಕಿರಿ ಮಾಡೋ ಒಂದು ವಿಷಯ ಹೇಳ್ಬಿಡ್ತೀನಿ. ದೊಡ್ಡ ಕಂಪನಿಗಳು ನಮ್ಮಂಥೋರ ಹತ್ರ ಪಾಲಿಸಿ ಕೇಳ್ತವೆ, ನಾವು ಮೇಸ್ತ್ರಿ ಹತ್ರ ಕೇಳ್ತೀವಿ. ಅದಕ್ಕೆ ದುಡ್ಡು ಯಾರೂ ಕೊಡಲ್ಲ. ಚದರಡಿಗೆ ಎರಡು ರೂಪಾಯಿ ಕಡಿಮೆ ಮಾಡು ಅಂತ ಬೆಳಗ್ಗೆ ಹಿಂಡಿ, ಸಂಜೆ ಪಾಲಿಸಿ ಕಳಿಸು ಅಂದ್ರೆ ಅವನು ಕಾಮಾಕ್ಷಿಪಾಳ್ಯದ ಶೆಡ್ಡಿನ ಪಿಡಿಎಫ್ ಕಳಿಸದೆ ಇನ್ನೇನು ಕಳಿಸ್ತಾನೆ? ನನ್ನ ಮೇಸ್ತ್ರಿ ಮೋಸಗಾರ ಅಂತ ಬಹಳ ದಿನ ಅಂದ್ಕೊಂಡಿದ್ದೆ. ಆಮೇಲೆ ಅವನಿಗೆ ನಾನು ಕೊಟ್ಟ ರೇಟ್ ತೆಗೆದು ನೋಡಿದೆ. ಅದರಲ್ಲಿ ಒಂಬತ್ತು ಜನರ ಪ್ರೀಮಿಯಂ ಕಟ್ಟೋಕೆ ಜಾಗವೇ ಇರಲಿಲ್ಲ. ಕಡಿಮೆ ರೇಟಿಗೆ ಸಂತೋಷಪಟ್ಟಾಗಲೇ ನಾನು ಅವನ ವಿಮಾ ಕಂಪನಿ ಆಗಿಬಿಟ್ಟಿದ್ದೆ, ಪ್ರೀಮಿಯಂ ತಗೊಳ್ಳದೇ ಇರೋ ಕಂಪನಿ.

ಈಗ ನಾನು ಮಾಡೋದು ಬೇರೆ. ಪ್ರತಿ ಪ್ರಾಜೆಕ್ಟ್‌ಗೆ ನನ್ನ ಹೆಸರಲ್ಲೇ ಪಾಲಿಸಿ ತಗೋತೀನಿ, ಸೈಟಿನ ವಿಳಾಸ ಹಾಕಿ, ಕಾಂಟ್ರಾಕ್ಟರ್‌ಗಳ ಕಾರ್ಮಿಕರನ್ನೂ ಸೇರಿಸಿ, ಮೆಡಿಕಲ್ ಎಕ್ಸ್‌ಟೆನ್ಷನ್ ಜೊತೆ. ಆ ಖರ್ಚನ್ನ ಕ್ಲೈಂಟ್‌ಗೆ ಕೊಡೋ ಕೊಟೇಶನ್‌ನಲ್ಲಿ ಒಂದು ಬೇರೆ ಸಾಲಾಗಿ ತೋರಿಸ್ತೀನಿ. ಕೆಲವರು ಆ ಸಾಲು ಹೊಡೆದುಹಾಕು ಅಂತಾರೆ. ಅಂಥ ಎರಡು ಕೆಲಸ ಬಿಟ್ಟಿದ್ದೀನಿ. ಸೈಟ್ ಗೇಟಲ್ಲಿ ಒಂದು ರಿಜಿಸ್ಟರ್ ಇದೆ: ಹೆಸರು, ವಯಸ್ಸು, ಯಾರ ಕಡೆಯವರು, ಮನೆಯವರ ಫೋನ್ ನಂಬರ್. ಮೇಸ್ತ್ರಿ ಹೊಸ ಹುಡುಗನನ್ನ ಕರ್ಕೊಂಡು ಬಂದ ದಿನ ಸಂಖ್ಯೆ ಜಾಸ್ತಿಯಾದ್ರೆ ಏಜೆಂಟ್‌ಗೆ ಮೆಸೇಜ್ ಹೋಗುತ್ತೆ, ಪಾಲಿಸಿಯಲ್ಲಿ ಸಂಖ್ಯೆ ತಿದ್ದಿಸ್ತೀವಿ. ಮೇಸ್ತ್ರಿ ಜೊತೆಗಿನ ಒಪ್ಪಂದದಲ್ಲಿ ಎರಡೇ ಮಾತು ಬರೆದಿದ್ದೀನಿ. ನನ್ನನ್ನ ಕೇಳದೆ ಕೆಲಸವನ್ನ ಇನ್ನೊಬ್ಬನಿಗೆ ದಾಟಿಸೋ ಹಾಗಿಲ್ಲ. ಬೆಲ್ಟ್ ಹಾಕದವನಿಗೆ ಆ ದಿನದ ಕೆಲಸ ಇಲ್ಲ, ಕೂಲಿ ಇದೆ. ಕೂಲಿ ಇದೆ ಅನ್ನೋದು ಮುಖ್ಯ. ಇಲ್ಲದಿದ್ರೆ ಮೇಸ್ತ್ರಿ ನನ್ನ ಕಣ್ಣು ತಪ್ಪಿಸಿ ಅವನನ್ನ ಮೇಲೆ ಹತ್ತಿಸ್ತಾನೆ.

ಅಕಸ್ಮಾತ್ ಏನಾದ್ರೂ ಆಗೇಹೋದ್ರೆ, ಆಸ್ಪತ್ರೆ ಮೊದಲು. ಅದೇ ದಿನ ವಿಮಾ ಕಂಪನಿಗೆ ಇಮೇಲ್ ಕಳಿಸಿ, ಬರೀ ಫೋನ್ ಸಾಲದು. ಹಾಜರಾತಿ, ಕೂಲಿ ಕೊಟ್ಟ ಯುಪಿಐ ದಾಖಲೆ, ಸೈಟಿನ ಫೋಟೊ ಎತ್ತಿಡಿ. ನಗದಲ್ಲಿ ಕೂಲಿ ಕೊಟ್ಟು ದಾಖಲೆ ಇಲ್ಲ ಅಂದ್ರೆ, ಅವನು ಆವತ್ತು ಅಲ್ಲಿ ಕೆಲಸ ಮಾಡ್ತಿದ್ದ ಅಂತ ನೀವೇ ನಿಮ್ಮ ವಿಮಾ ಕಂಪನಿಗೆ ಸಾಬೀತು ಮಾಡಬೇಕಾದ ವಿಚಿತ್ರ ಪರಿಸ್ಥಿತಿ ಬರುತ್ತೆ.

ಆ ಹುಡುಗನ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಪೂರ್ತಿ ಹಣವನ್ನ ಕಂತಲ್ಲಿ ಕಟ್ಟಿ ಮುಗಿಸಿದೆ, ನೋಂದಾಯಿಸಿದ ಒಪ್ಪಂದದ ಪ್ರಕಾರ. ಅವನೀಗ ಏಣಿ ಹತ್ತಲ್ಲ. ಊರಲ್ಲಿ ಹಾರ್ಡ್‌ವೇರ್ ಅಂಗಡಿ ಕೌಂಟರ್‌ನಲ್ಲಿ ಕೂರ್ತಾನೆ, ಮಳೆಗಾಲದಲ್ಲಿ ಹಿಮ್ಮಡಿ ನೋಯುತ್ತೆ ಅಂತಾನೆ. ಹೋದ ತಿಂಗಳು ಫೋನ್ ಮಾಡಿದ್ದ, ತಮ್ಮನಿಗೆ ಕೆಲಸ ಇದೆಯಾ ಅಂತ ಕೇಳೋಕೆ. ತಮ್ಮನ ಹೆಸರು ರಿಜಿಸ್ಟರ್‌ನಲ್ಲಿ ಬರೆದುಕೊಂಡಿದ್ದೀನಿ, ಸೋಮವಾರ ಬರ್ತಾನೆ.